ತೊಗಟೆಯಡಿಯ ಚಪ್ಪಟೆ ದುಂಬಿ



ಒಣಗಿ ನಿಂತ ಮರವನ್ನು ಕಂಡೊಡನೆ ಮನುಷ್ಯನ ಮನಸ್ಸಿನಲ್ಲಿ ಏಳುವ ಲೆಕ್ಕ ಎರಡೇ: ಎಷ್ಟು ಗಾಡಿ ಸೌದೆ, ಎಷ್ಟು ಅಡಿ ನಾಟಾ. ತೊಗಟೆಯ ಹಿಂದೆ ನಡೆಯುವ ವ್ಯವಹಾರ ಈ ಲೆಕ್ಕಕ್ಕೆ ಬರುವುದೇ ಇಲ್ಲ. ಅದನ್ನು ಅರಿಯಲು ದೂರದೇಶದ ಒಂದು ದುಂಬಿಯ ಬದುಕನ್ನು ನೋಡಬಹುದು.

ಉತ್ತರ ಅಮೆರಿಕದ ಪೂರ್ವಭಾಗದ ಕಾಡುಗಳಲ್ಲಿ ಕ್ಯಾಟೋಜಿನಸ್ ರೂಫಸ್ ಎಂಬ ಕೆಂಗಂದು ದುಂಬಿಯಿದೆ. 1798ರಲ್ಲಿ ಇದನ್ನು ಮೊದಲು ವಿವರಿಸಿದವನು ಡೆನ್ಮಾರ್ಕಿನ ಕೀಟತಜ್ಞ ಫ್ಯಾಬ್ರಿಸಿಯಸ್. ಮೈ ನೀಳ ಮತ್ತು ಚಪ್ಪಟೆ. ರೆಕ್ಕೆಕವಚದ ಮೇಲೆ ಉದ್ದನೆಯ ಗೀರುಗಳು. ಮೀಸೆ ದಪ್ಪ ಮಣಿಗಳನ್ನು ಪೋಣಿಸಿದಂತೆ. ಸತ್ತ ಮರದ ಸಡಿಲ ತೊಗಟೆಯ ಅಡಿ, ಕೊರಕ ಹುಳುಗಳು ಕೊರೆದ ಸುರಂಗಗಳೇ ಇದರ ಮನೆ. ಅಲ್ಲಿ ಚಪ್ಪಟೆಯಾಗಿರುವುದೇ ಬದುಕುವ ದಾರಿ.

ಆದರೆ ಇದು ಮರವನ್ನು ತಿಂದು ಬೆಳೆಯುವುದಿಲ್ಲ. ಮೊಟ್ಟೆಯಿಂದ ಹೊರಬಂದ ಮರಿಹುಳು ಸಪೂರವಾಗಿ, ಕಾಲುಳ್ಳದ್ದಾಗಿ, ಚುರುಕಾಗಿ ಓಡಾಡಬಲ್ಲದು. ಉದ್ದಮೀಸೆಯ ಕೊರಕ ದುಂಬಿಯ ಕೋಶ ದೊರೆತರೆ ಅದರ ಹೊರಮೈಗೆ ಅಂಟಿಕೊಂಡು ಹೀರತೊಡಗುತ್ತದೆ. ಆ ಮೇಲೆ ಅಲೆಯುವ ಅಗತ್ಯವಿಲ್ಲ. ಮೈ ಉಬ್ಬುತ್ತದೆ, ಕಾಲುಗಳು ಕುಗ್ಗುತ್ತವೆ. ಸಿಕ್ಕ ಆಹಾರ ದೊಡ್ಡದಾದರೆ ದುಂಬಿಯೂ ದೊಡ್ಡದು, ಚಿಕ್ಕದಾದರೆ ಚಿಕ್ಕದು.

ಹಾಗಾದರೆ ಇದು ರೈತಮಿತ್ರ ತಾನೆ? ಅಷ್ಟು ಸುಲಭವಾಗಿ ಪದವಿ ಕೊಡಲಾಗದು. ಕೊರಕಗಳನ್ನು ಕೊಲ್ಲುವ ಬ್ರಕೋನಿಡ್ ಕಣಜಗಳ ಕೋಶಗಳನ್ನೂ ಇದು ಬಿಡುವುದಿಲ್ಲ. ಶತ್ರುವನ್ನೂ ಶತ್ರುವಿನ ಶತ್ರುವನ್ನೂ ಒಂದೇ ಸುರಂಗದಲ್ಲಿ ಉಣ್ಣುವ ಜೀವಿಯನ್ನು ಮನುಷ್ಯನ ಪಕ್ಷಕ್ಕೆ ಸೇರಿಸುವುದು ಹೇಗೆ?

ಇದರ ಕುಟುಂಬವಾದ ಪ್ಯಾಸಾಂಡ್ರಿಡೆಯಲ್ಲಿ ನೂರಕ್ಕೂ ಸ್ವಲ್ಪ ಹೆಚ್ಚು ಜಾತಿಗಳು; ಬಹುಪಾಲು ಉಷ್ಣವಲಯದವು. ಮರಿಹುಳು ಪತ್ತೆಯಾದ ಜಾತಿಗಳೆಲ್ಲ ಹೀಗೆಯೇ ಪರೋಪಜೀವಿಗಳು. ಕೊರಕವಿಲ್ಲದೆ ಇವುಗಳಿಗೆ ಬಾಳಿಲ್ಲ, ಒಣಮರವಿಲ್ಲದೆ ಆ ಕೊರಕಕ್ಕೆ ಬಾಳಿಲ್ಲ. ‘ಕಾಡನ್ನು ಸ್ವಚ್ಛಗೊಳಿಸುವ’ ಹೆಸರಿನಲ್ಲಿ ಬಿದ್ದ ದಿಮ್ಮಿಗಳನ್ನೆಲ್ಲ ಸಾಗಿಸಿದಾಗ ಈ ಸರಪಳಿ ಬುಡದಲ್ಲಿಯೇ ತುಂಡಾಗುತ್ತದೆ.

ಮಲೆನಾಡಿನ ಕಾಫಿ ಬೆಳೆಗಾರರಿಗೆ ಇಲ್ಲೊಂದು ಅಳುಕು ಸಹಜ. ಬಿಳಿ ಕಾಂಡಕೊರಕವೂ ಉದ್ದಮೀಸೆಯ ವಂಶದ್ದೇ. ಆದರೆ ಅದಕ್ಕೆ ಬೇಕಾದುದು ಜೀವಂತ ಅರೇಬಿಕಾ ಗಿಡ, ಒಣಗಿ ವರ್ಷಗಳಾದ ಕಾಡುಮರವಲ್ಲ. ರೋಗಿಷ್ಠ ಕಾಫಿ ಗಿಡವನ್ನು ಕಿತ್ತು ಸುಡಲೇಬೇಕು. ಆ ನಿಯಮವನ್ನು ಕಾಡಿನ ಮುದಿಮರಕ್ಕೆ ಹಚ್ಚುವುದು ತಪ್ಪು.

ಬಿದ್ದ ಮರದ ತೊಗಟೆಯನ್ನು ಎತ್ತಿ ನೋಡುವ ವಿದ್ಯಾರ್ಥಿಗಳು, ನೋಡಿದ ಮೇಲೆ ಅದನ್ನು ಇದ್ದಂತೆಯೇ ಮುಚ್ಚಿಡಲಿ. ಬಿಸಿಲು ತಾಗಿದರೆ ಒಳಗಿನ ತೇವ ಬೇಗನೆ ಆರಿಹೋಗುತ್ತದೆ.