ಜೆಟ್ಟಿನ ತೂತು

ಜಯನಗರದ ನಮ್ಮ ಬೀದಿಯ ಒಂದು ಮನೆ. ಭಾನುವಾರ ಬೆಳಗಾದರೆ ಅಲ್ಲಿನ ಶೆಡ್ಡಿನಲ್ಲಿ ಹಳೆಯ ಯೆಜ್ಡಿ ಬೈಕೊಂದು ಬಿಚ್ಚಿಕೊಂಡು ಕೂತಿರುತ್ತಿತ್ತು. ನೆಲದಲ್ಲಿ ಹಳೇ ಪೇಪರು. ಅದರ ಮೇಲೆ ನಟ್ಟು, ಬೋಲ್ಟು. ತಟ್ಟೆಯಲ್ಲಿ ಒಂದಿಷ್ಟು ಪೆಟ್ರೋಲು, ಸವೆದ ಟೂತ್ ಬ್ರಷ್ಷು.

ಗಾಡಿ ಬಿಚ್ಚುತ್ತಿದ್ದವನು ಆ ಮನೆಯ ಮಗ. ಅದು ಅವನ ತೀರಿಹೋದ ತಂದೆಯದು. ತಯಾರಾದದ್ದು ಮೈಸೂರಿನಲ್ಲಿ. ಅಲ್ಲಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲೇ ಬಾಗಿಲು ಮುಚ್ಚಿತು. ಗಾಡಿಗಳು ಮಾತ್ರ ಮನೆಮನೆಗಳಲ್ಲಿ ಉಳಿದವು.

ಯೆಜ್ಡಿಯದೊಂದು ತಮಾಷೆ. ಗೇರ್ ಹಾಕುವ ಲಿವರೇ ಕಿಕ್ಕರ್ ಕೂಡ. ಒಳಕ್ಕೆ ಒತ್ತಿ, ಮೇಲಕ್ಕೆತ್ತಿ, ಒದೆಯಬೇಕು. ಮಗ ಮೂರು ವಾರ ಒದ್ದ. ಪ್ಲಗ್ ಬದಲಾಯಿಸಿದ. ವೈರು ಬದಲಾಯಿಸಿದ. ಎಂಜಿನ್ನೇ ಹೋಗಿದೆ ಎಂದರು ನೋಡಿದವರು. ನಾನೂ ಅಂದೆ, ಏನೂ ಗೊತ್ತಿಲ್ಲದೆ!

ಕೊನೆಗೆ ತೊಂದರೆ ಸಿಕ್ಕಿದ್ದು ಕಾರ್ಬ್ಯುರೇಟರಿನ ಜೆಟ್ಟಿನಲ್ಲಿ. ಸೂಜಿಮೊನೆಯಷ್ಟು ತೂತು. ವರ್ಷಗಟ್ಟಲೆ ನಿಂತ ಪೆಟ್ರೋಲು ಅದರೊಳಗೆ ಒಣಗಿ ಅಂಟಾಗಿತ್ತು. ಏನೂ ಮುರಿದಿರಲಿಲ್ಲ, ಸವೆದಿರಲಿಲ್ಲ. ಸುಮ್ಮನೆ ನಿಂತದ್ದರಿಂದ ದಾರಿ ಕಟ್ಟಿಕೊಂಡಿತ್ತು, ಅಷ್ಟೆ. ಎಷ್ಟೋ ದಿನದಿಂದ ಮಾತಾಡಿಸದ ಒಬ್ಬ ಗೆಳೆಯ ನನಗೆ ಆಗ ನೆನಪಾದ.

ತೂತು ತೆರೆದ ಮೇಲೆ ಎರಡನೇ ಕಿಕ್ಕಿಗೇ ಸದ್ದು ಬಂತು. ಆಯಿಲ್ ಬೆರೆತ ಹೊಗೆ ಬೀದಿ ತುಂಬಿತು. ಒಳಗಿಂದ ಅವನ ಅಮ್ಮ ಹೊರಬಂದರು.

"ಈ ಸದ್ದು ಕಿವಿಗೆ ಬಿದ್ರೆ ಕಾಫಿಗೆ ಇಡ್ತಿದ್ದೆ ಕಣೋ," ಎಂದರು.

ಅವತ್ತೂ ಇಟ್ಟರು.