ಕಿತ್ತಳೆಯ ಕಸಿಗಂಟು ಮಣ್ಣಿಗೆ ತಾಗದಿರಲಿ

(ರೈತರ ತರಬೇತಿ ಶಿಬಿರದಲ್ಲಿ ಮಾಡಿದ ಭಾಷಣದ ಬರಹರೂಪ)



ಬೀಜದ ಕಿತ್ತಳೆ ಗಿಡ ಫಲಕ್ಕೆ ಬರುವುದು ತಡ, ಕಸಿ ಗಿಡ ಬೇಗ ಬರುತ್ತದೆ. ಇದು ನಿಮಗೆಲ್ಲ ತಿಳಿದ ವಿಷಯ. ಆದರೆ ಕಸಿ ಮಾಡುವುದಕ್ಕೆ ಇನ್ನೊಂದು ಕಾರಣವೂ ಉಂಟು. ಅದೆಂದರೆ ಮಣ್ಣಿನಲ್ಲಿರುವ ಶತ್ರುಗಳಿಂದ ಗಿಡವನ್ನು ಕಾಪಾಡುವುದು. 1860ರ ದಶಕದಿಂದ ಫಿಲೊಕ್ಸೆರ ಎಂಬ ಬೇರುಹೇನು ಫ್ರಾನ್ಸಿನ ದ್ರಾಕ್ಷಿ ತೋಟಗಳನ್ನು ಹಾಳುಮಾಡಿತು. ಆಗ ಅಲ್ಲಿನ ಬೆಳೆಗಾರರು ಅಮೆರಿಕದ ಕಾಡುದ್ರಾಕ್ಷಿಯ ಬೇರಿಗೆ ತಮ್ಮ ತಳಿಗಳನ್ನು ಕಸಿ ಮಾಡಿ ಬೆಳೆಯನ್ನು ಉಳಿಸಿಕೊಂಡರು. ಕೆಳಗಿನ ಭಾಗ ರೋಗವನ್ನು ತಡೆಯಬೇಕು, ಮೇಲಿನ ಭಾಗ ಹಣ್ಣು ಕೊಡಬೇಕು. ಇದು ಕಸಿಯ ಕರಾರು. ಎಷ್ಟೋ ತೋಟಗಳಲ್ಲಿ ನಾಟಿಯ ದಿನವೇ ನಾವು ಈ ಕರಾರನ್ನು ಮುರಿಯುತ್ತೇವೆ.

ಕೊಡಗಿನ ಒಂದು ತೋಟದಲ್ಲಿ ಆರು ವರ್ಷದ ಕಸಿ ಕಿತ್ತಳೆಗಳು ಸೊರಗುತ್ತಿದ್ದವು. ಎಲೆಯ ನಡುನರ ಹಳದಿಯಾಗಿತ್ತು, ರೆಂಬೆಗಳು ತುದಿಯಿಂದ ಒಣಗುತ್ತಿದ್ದವು. ಯಾವ ಗೊಬ್ಬರ ಹಾಕಲಿ ಎಂದು ತೋಟದವರು ಕೇಳಿದರು. ಬುಡದ ಮಣ್ಣು ಬಿಡಿಸಿ ನೋಡಿದೆವು. ಕಸಿಗಂಟು ನಾಲ್ಕು ಬೆರಳು ಆಳದಲ್ಲಿ ಹೂತುಹೋಗಿತ್ತು. ಅದರ ಮೇಲಿನ ತೊಗಟೆ ಕೊಳೆತು ಅಂಟು ಒಸರಿತ್ತು. ಬೇರುಸಸಿಯಲ್ಲಿ ದೋಷವಿರಲಿಲ್ಲ. ಗಾಳಿ ಬೆಳಕಿನಲ್ಲಿರಬೇಕಾದ ಕಿತ್ತಳೆಯ ಕಾಂಡವೇ ಮಣ್ಣಿನಲ್ಲಿತ್ತು. ಆರು ವರ್ಷದ ಕೂಲಿ, ಗೊಬ್ಬರ ಕೈ ಸೇರುವ ಹೊತ್ತಿಗೆ ಮರಗಳೇ ಹೋಗುತ್ತಿದ್ದವು.

ಈ ಬುಡಕೊಳೆಗೆ ಫೈಟಾಫ್ತೊರ ಕಾರಣ. ಇದು ಮಣ್ಣಿನಲ್ಲಿ ವಾಸಿಸುವ, ಬೂಷ್ಟಿನಂತೆ ಬೆಳೆಯುವ ಸೂಕ್ಷ್ಮಜೀವಿ. ಇದರ ಕಣಗಳು ನೀರಿನಲ್ಲಿ ಈಜಬಲ್ಲವು. ನೀರು ನಿಂತ ಮಣ್ಣಿನಲ್ಲಿ ಅವು ಎಳೆಬೇರನ್ನು ಮುಟ್ಟುತ್ತವೆ. ಮಳೆಹನಿ ಸಿಡಿದಾಗ ಮಣ್ಣಿನ ಜೊತೆ ಕಾಂಡಕ್ಕೂ ಏರುತ್ತವೆ. ಗುದ್ದಲಿ ತಾಗಿದ ಗಾಯ ಅವಕ್ಕೆ ತೆರೆದ ಬಾಗಿಲು. ಕೊಳೆ ಕಾಂಡದ ಸುತ್ತ ಆವರಿಸಿದರೆ ಮರ ಸಾಯುತ್ತದೆ. ಎಳೆಬೇರನ್ನು ಎಳೆದು ನೋಡಿರಿ. ಸಿಪ್ಪೆ ಜಾರಿ ದಾರದಂಥ ತಿರುಳು ಮಾತ್ರ ಉಳಿದರೆ ಬೇರು ಕೊಳೆತಿದೆ ಎಂದರ್ಥ.

ಬೇರುಸಸಿಗಳೆಲ್ಲ ಒಂದೇ ಸಮನಲ್ಲ. ರಂಗಪುರ ನಿಂಬೆ ಈ ರೋಗವನ್ನು ಜಂಬೇರಿಗಿಂತ ಚೆನ್ನಾಗಿ ತಾಳಿಕೊಳ್ಳುತ್ತದೆ. ಟ್ರೈಫೋಲಿಯೇಟ್ ಎಂಬ ಮೂರೆಲೆಯ ಕಿತ್ತಳೆ ಇನ್ನೂ ಚೆನ್ನಾಗಿ ತಾಳುತ್ತದೆ. ಬೇರಿನ ರಸ ಹೀರುವ ಜಂತುಹುಳುವಿಗೂ ಅದು ಸುಲಭವಾಗಿ ಬಗ್ಗುವುದಿಲ್ಲ. ಆದುದರಿಂದ ಗಿಡ ಕೊಳ್ಳುವಾಗ ಯಾವ ಬೇರುಸಸಿ ಎಂದು ತಪ್ಪದೆ ಕೇಳಿರಿ.

ರೋಗ ಮತ್ತು ಜಂತುಹುಳು ಹೆಚ್ಚಾಗಿ ತೋಟಕ್ಕೆ ಬರುವುದು ಸಸಿಯ ಚೀಲದ ಮಣ್ಣಿನಲ್ಲಿಯೇ. ಹಳೆಯ ಕಿತ್ತಳೆ ತೋಟದ ಮಣ್ಣನ್ನು ಚೀಲಕ್ಕೆ ತುಂಬಬೇಡಿರಿ. ಸ್ವತಃ ಸಸಿ ಮಾಡುವವರು ಏಪ್ರಿಲ್–ಮೇ ಬಿಸಿಲಿನಲ್ಲಿ ಮಣ್ಣನ್ನು ನೆನೆಸಿ, ತೆಳುವಾದ ಪಾರದರ್ಶಕ ಪಾಲಿಥೀನ್ ಹಾಳೆಯನ್ನು ನಾಲ್ಕರಿಂದ ಆರು ವಾರ ಬಿಗಿಯಾಗಿ ಹೊದಿಸಬೇಕು. ಆ ಕಾವಿಗೆ ಬಹುಪಾಲು ರೋಗಾಣು, ಜಂತುಹುಳುಗಳು ಸಾಯುತ್ತವೆ.

ನಾಟಿ ಮತ್ತು ಆರೈಕೆಯಲ್ಲಿ ಗಮನಿಸಬೇಕಾದ ಅಂಶಗಳು:

1. ಬೇರುಸಸಿಯ ಮೇಲೆ 20ರಿಂದ 25 ಸೆಂ.ಮೀ. ಎತ್ತರದಲ್ಲಿ ಕಣ್ಣು ಹಾಕಿದ ಗಿಡವನ್ನೇ ಆರಿಸಿರಿ. ಗುಂಡಿಯ ಸಡಿಲ ಮಣ್ಣು ಆಮೇಲೆ ಕುಸಿಯುತ್ತದೆ. ಆದ್ದರಿಂದ ಕಸಿಗಂಟು ನೆಲದಿಂದ ಒಂದು ಗೇಣು ಮೇಲಿರುವಂತೆ ನೆಡಿರಿ.

2. ಗೊಬ್ಬರ, ತರಗು, ಮಣ್ಣನ್ನು ಕಾಂಡಕ್ಕೆ ಒತ್ತಿ ರಾಶಿ ಹಾಕಬೇಡಿರಿ.

3. ಪಾತಿಯನ್ನು ಎರಡು ಸುತ್ತಾಗಿ ಮಾಡಿರಿ. ಬುಡದ ಒಳಸುತ್ತು ಒಣಗಿರಲಿ, ನೀರು ಹೊರಸುತ್ತಿಗೆ ಹೋಗಲಿ. ಒಂದು ಪಾತಿಯ ನೀರು ಇನ್ನೊಂದಕ್ಕೆ ಹರಿಯಬಾರದು. ಮಳೆನೀರು ಹೋಗಲು ಬಸಿಗಾಲುವೆ ಇರಲಿ.

4. ಮುಂಗಾರಿಗೆ ಮುಂಚೆ ಮತ್ತು ಮಳೆ ನಿಂತ ಮೇಲೆ ಕಾಂಡಕ್ಕೆ ಎರಡು ಅಡಿ ಎತ್ತರದವರೆಗೆ ಬೋರ್ಡೋ ಸರಿ ಬಳಿಯಿರಿ. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣಕ್ಕೆ 10 ಲೀಟರ್ ನೀರು. ಕಬ್ಬಿಣದ ಪಾತ್ರೆ ಬೇಡ. ಹೊಳೆಯುವ ಚಾಕುವನ್ನು ಅದ್ದಿ ತೆಗೆದಾಗ ಕೆಂಪು ಬಣ್ಣ ಹತ್ತಿದರೆ ಇನ್ನಷ್ಟು ಸುಣ್ಣ ಬೆರೆಸಿರಿ.

ಗಂಟು ಹೂತಿದ್ದರೆ ನಾಳೆಯೇ ಮಣ್ಣು ಸರಿಸಿ ಗಾಳಿಯಾಡಲು ಬಿಡಿರಿ. ಕೊಳೆತ ತೊಗಟೆಯನ್ನು ಹರಿತವಾದ ಚಾಕುವಿನಿಂದ ಕೆರೆದು, ತುಣುಕುಗಳನ್ನು ಆರಿಸಿ ಸುಟ್ಟು, ಗಾಯಕ್ಕೆ ಇದೇ ಸರಿಯನ್ನು ಹಚ್ಚಿರಿ. ಕಾಂಡದ ಅರ್ಧಕ್ಕಿಂತ ಕಡಿಮೆ ಕೊಳೆತಿದ್ದರೆ ಮರ ಚೇತರಿಸಿಕೊಳ್ಳಬಹುದು. ಸುತ್ತಲೂ ಕೊಳೆತ ಮರವನ್ನು ಬೇರುಸಹಿತ ತೆಗೆಯುವುದೇ ಲೇಸು.

ಈ ಕೆಲಸಕ್ಕೆ ಹೆಚ್ಚಿನ ಹಣ ಬೇಡ. ಈ ಸಂಜೆ ಮನೆಗೆ ಹೋದ ಕೂಡಲೇ ಹತ್ತು ಗಿಡಗಳ ಬುಡ ಬಿಡಿಸಿ ನೋಡಿರಿ. ಗಂಟು ಕಣ್ಣಿಗೆ ಕಾಣುತ್ತಿದೆಯೇ ಇಲ್ಲವೇ ಎಂಬುದೇ ನಿಮ್ಮ ತೋಟದ ಮೊದಲ ಪರೀಕ್ಷೆ.