ತನ್ನವರ ನಾಡಿ ಹಿಡಿದಾಗ

(ಶತಮಾನೋತ್ಸವದ ಅಂಗವಾಗಿ ನಡೆದ ಹಳೆವಿದ್ಯಾರ್ಥಿಗಳ ಸಮಾವೇಶದಲ್ಲಿ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣದ ಲಿಖಿತರೂಪ)



ಈ ಶಾಲೆಯಲ್ಲಿ ಕನ್ನಡದ ಅಕ್ಷರ ತಿದ್ದಿ ಮುಂದೆ ವೈದ್ಯರಾದ ಹಲವರು ಇಂದು ಸಭೆಯಲ್ಲಿದ್ದಾರೆ. ಅವರ ಹೆತ್ತವರೂ ಇದ್ದಾರೆ. ಮಗನೋ ಮಗಳೋ ವೈದ್ಯರಾದರೆ ಇನ್ನು ಆಸ್ಪತ್ರೆಯ ಚಿಂತೆಯಿಲ್ಲ ಎಂಬ ಮಾತನ್ನು ನಾವೆಲ್ಲ ಕೇಳಿದ್ದೇವೆ, ಆಡಿಯೂ ಇದ್ದೇವೆ. ಆ ಮಾತನ್ನು ಕೊಂಚ ವಿಚಾರಿಸಿ ನೋಡೋಣವೆಂದು ಇಂದಿನ ವಿಷಯವನ್ನು ಆರಿಸಿಕೊಂಡೆವು. ವೈದ್ಯರು ತಮ್ಮ ಮನೆಯವರಿಗೆ ತಾವೇ ಚಿಕಿತ್ಸೆ ಮಾಡಬಹುದೇ?

ಪ್ರಶ್ನೆ ಹೊಸದಲ್ಲ. ಇಂಗ್ಲೆಂಡಿನ ವೈದ್ಯ ಥಾಮಸ್ ಪರ್ಸಿವಲ್ 1803ರಲ್ಲಿ ವೈದ್ಯನೀತಿಯನ್ನು ಕುರಿತು ಗ್ರಂಥವೊಂದನ್ನು ಪ್ರಕಟಿಸಿದರು. ಅದರಿಂದ ಬಹುಭಾಗವನ್ನು ಪಡೆದು ಅಮೆರಿಕದ ವೈದ್ಯಕೀಯ ಸಂಘವು 1847ರಲ್ಲಿ ತನ್ನ ಮೊದಲ ನೀತಿಸಂಹಿತೆಯನ್ನು ರೂಪಿಸಿತು. ಹೆಂಡತಿ ಮಕ್ಕಳು ಕಾಯಿಲೆ ಬಿದ್ದಾಗ ವೈದ್ಯನ ಮನಸ್ಸು ಕಳವಳಗೊಂಡು ವಿವೇಚನೆ ಮಸುಕಾಗುತ್ತದೆ ಎಂದು ಆ ಸಂಹಿತೆ ಎಚ್ಚರಿಸಿತು. ಬ್ರಿಟನ್ನಿನ ವೈದ್ಯಕೀಯ ಮಂಡಳಿಯೂ ಸಾಧ್ಯವಿದ್ದಷ್ಟು ಮಟ್ಟಿಗೆ ಆಪ್ತರಿಗೆ ತಾವೇ ಚಿಕಿತ್ಸೆ ಮಾಡಬಾರದೆಂದು ವೈದ್ಯರಿಗೆ ತಿಳಿಸಿದೆ. ನಮ್ಮ ದೇಶದ 2002ರ ವೈದ್ಯಕೀಯ ನಡತೆಯ ನಿಯಮಾವಳಿಯಲ್ಲಿ ಇನ್ನೊಂದು ಬಗೆಯ ಮಾತಿದೆ. ಸಹವೈದ್ಯರಿಗೂ ಅವರ ಅವಲಂಬಿತರಿಗೂ ಶುಲ್ಕವಿಲ್ಲದೆ ಸೇವೆ ಸಲ್ಲಿಸುವುದನ್ನು ವೈದ್ಯರು ಸಂತೋಷವೆಂದು ತಿಳಿಯಬೇಕು. ವೈದ್ಯರ ಮನೆಯವರು ಇನ್ನೊಬ್ಬ ವೈದ್ಯರಲ್ಲಿಗೆ ಹೋಗುವುದು ಸಹಜವೆಂಬ ಭಾವನೆ ಆ ಮಾತಿನ ಹಿಂದಿದೆ.

ಆದರೆ ಇದರ ಮರ್ಮ ನಮಗೆ ಪುಸ್ತಕದಿಂದ ತಿಳಿದುದಲ್ಲ. ನಮ್ಮ ಅಣ್ಣ ದೂರದ ನಗರದಲ್ಲಿ ವೈದ್ಯರು. ಒಂದು ಸಂಜೆ ತಂದೆಯವರಿಗೆ ಎದೆಯುರಿ ಕಾಣಿಸಿತು. ಅಣ್ಣನಿಗೆ ಫೋನು ಮಾಡಿದೆವು. ತಂದೆಯವರಿಗೆ ವಾಯುವಿನ ತೊಂದರೆ ಹಳೆಯದೆಂದು ಬಲ್ಲ ಅಣ್ಣ ಮಾತ್ರೆಯ ಹೆಸರು ಹೇಳಿದರು, ತಂದು ಕೊಟ್ಟೆವು. ಮೂರನೆಯ ದಿನ ಆಸ್ಪತ್ರೆಗೆ ಸೇರಿಸಿದಾಗ ಅದು ಹೃದಯಾಘಾತವೆಂದು ತಿಳಿಯಿತು. ತಂದೆಯವರು ಉಳಿದರು, ಆದರೆ ಮತ್ತೆಂದೂ ಅಡಿಕೆ ತೋಟಕ್ಕೆ ಇಳಿಯುವಷ್ಟು ಶಕ್ತಿ ಬರಲಿಲ್ಲ. ಅಂದು ಬೆವರು ಬಂದುದನ್ನೂ ಎಡಗೈ ನೋಯುತ್ತಿದ್ದುದನ್ನೂ, ಮಗ ಗಾಬರಿಯಾದಾನೆಂದು ಅವರು ಮುಚ್ಚಿಟ್ಟಿದ್ದರು. ಅಣ್ಣ ಕೇಳಿಯೂ ಇರಲಿಲ್ಲ. "ಬೇರೆ ಯಾರ ತಂದೆಯಾಗಿದ್ದರೂ ಮೊದಲು ಇಸಿಜಿ ಮಾಡಿಸಿ ಎನ್ನುತ್ತಿದ್ದೆ. ನಮ್ಮಪ್ಪನಿಗೆ ಹಾಗಾಗಿರಬಹುದೆಂದು ಯೋಚಿಸಲು ಮನಸ್ಸೇ ಒಪ್ಪಲಿಲ್ಲ" ಎಂದು ಅವರು ಅತ್ತುದನ್ನು ನಾವು ಮರೆತಿಲ್ಲ. ತಪ್ಪು ಅವರೊಬ್ಬರದಲ್ಲ. ಹತ್ತಿರದ ಆಸ್ಪತ್ರೆಗೆ ಕರೆದೊಯ್ಯಬೇಕಾದ ನಾವು ಫೋನು ಹಿಡಿದು ಕುಳಿತಿದ್ದೆವು.

ವೈದ್ಯ ಕೇಳಲು ಅಂಜುತ್ತಾನೆ, ರೋಗಿ ಹೇಳಲು ಅಳುಕುತ್ತಾನೆ. ಮುಟ್ಟಿನ ತೊಂದರೆಯನ್ನು ಮಗಳು ವೈದ್ಯನಾದ ತಂದೆಗೆ ಹೇಳಿಯಾಳೇ? ಕುಡಿತವನ್ನು ತಮ್ಮ ವೈದ್ಯೆಯಾದ ಅಕ್ಕನ ಮುಂದೆ ಒಪ್ಪಿಕೊಂಡಾನೇ? ಮನೆಯ ಜಗಲಿಯಲ್ಲಿ ನಡೆದ ಪರೀಕ್ಷೆಗೆ ದಾಖಲೆಯೂ ಇರುವುದಿಲ್ಲ. ಮುಂದೆ ನೋಡುವ ವೈದ್ಯರಿಗೆ ಹಿಂದಿನದೇನೂ ತಿಳಿಯದು.

ಶಿಕ್ಷಕರಾದ ನಮಗೂ ಇದು ಅಪರಿಚಿತವಲ್ಲ. ಮಗಳು ನಮ್ಮದೇ ತರಗತಿಯಲ್ಲಿದ್ದ ವರ್ಷ, ಪಕ್ಷಪಾತವೆಂದಾರೆಂಬ ಅಂಜಿಕೆಯಿಂದ ಅವಳಿಗೆ ನ್ಯಾಯವಾಗಿ ಸಲ್ಲಬೇಕಾದ ಅಂಕವನ್ನೂ ಕಡಿತಗೊಳಿಸಿದ್ದೆವು. ಆಮೇಲೆ ಅವಳ ಉತ್ತರಪತ್ರಿಕೆಗಳನ್ನು ಸಹೋದ್ಯೋಗಿಗೆ ಒಪ್ಪಿಸಿದೆವು.

ಗಾಂಧೀಜಿಯವರ ಆತ್ಮಕಥೆಯಲ್ಲಿ ಒಂದು ಪ್ರಸಂಗವಿದೆ. ಮುಂಬಯಿಯಲ್ಲಿ ಮಗ ಮಣಿಲಾಲನಿಗೆ ವಿಷಮಶೀತ ಜ್ವರ ಬಂದಾಗ, ಪಾರ್ಸಿ ವೈದ್ಯರು ಸೂಚಿಸಿದ ಮೊಟ್ಟೆ ಮತ್ತು ಕೋಳಿಸಾರನ್ನು ಒಪ್ಪದೆ, ಅವರು ತಾವೇ ಜಲಚಿಕಿತ್ಸೆಗೆ ತೊಡಗಿದರು. ಆ ಆಯ್ಕೆಯನ್ನು ನಾವು ಒಪ್ಪಬೇಕಾಗಿಲ್ಲ. ಆದರೆ ನಾಡಿಯನ್ನೂ ಎದೆಯನ್ನೂ ಪರೀಕ್ಷಿಸಲು ತಮಗೆ ಬಾರದೆಂದು, ಆಗಾಗ ಬಂದು ನೋಡಬೇಕೆಂದು ಅದೇ ವೈದ್ಯರನ್ನು ಅವರು ಬೇಡಿಕೊಂಡರು. ತನ್ನ ಹಠದ ನಡುವೆಯೂ ಹೊರಗಿನವರ ಕಣ್ಣು ಬೇಕೆಂದು ತಂದೆಯೊಬ್ಬರು ಅರಿತದ್ದು ಗಮನಾರ್ಹ.

ಅಪವಾದಗಳಿವೆ. 2020ರ ಮಾರ್ಚಿನಲ್ಲಿ ತಲಪಾಡಿಯ ಗಡಿ ಮುಚ್ಚಿ, ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ಕಾಸರಗೋಡಿನ ರೋಗಿಗಳು ದಾರಿಗಾಣದೆ ನಿಂತುದನ್ನು ನಾವು ಕಂಡಿದ್ದೇವೆ. ಅಂತಹ ವೇಳೆಯಲ್ಲಿ ಮನೆಯ ವೈದ್ಯರು ಕೈಕಟ್ಟಿ ಕುಳಿತರೆ ಅದೇ ಅಧರ್ಮ. ತುರ್ತಿನಲ್ಲಿ ಕೈ ನೀಡಬೇಕು. ಬೇರೆ ವೈದ್ಯರು ದೊರೆತ ಕೂಡಲೆ, ಮಾಡಿದುದನ್ನು ತಿಳಿಸಿ ಒಪ್ಪಿಸಬೇಕು.

ವೈದ್ಯ ಬಂಧುಗಳೇ, ನಿಮ್ಮವರ ಜತೆ ಆಸ್ಪತ್ರೆಗೆ ಹೋಗಿರಿ, ವರದಿಗಳನ್ನು ಬಿಡಿಸಿ ಹೇಳಿರಿ, ರಾತ್ರಿ ಹಾಸಿಗೆಯ ಬಳಿ ಕುಳಿತಿರಿ. ಔಷಧದ ಚೀಟಿಯನ್ನು ಇನ್ನೊಬ್ಬರು ಬರೆಯಲಿ. ಹೆತ್ತವರೇ, "ನೀನೇ ನೋಡು" ಎಂದು ಮಕ್ಕಳನ್ನು ಒತ್ತಾಯಿಸದಿರಿ. ಬೇರೆ ವೈದ್ಯರಲ್ಲಿಗೆ ಹೋಗಿ ಎಂದು ಅವರು ಹೇಳಿದರೆ ಅದನ್ನು ಉದಾಸೀನವೆಂದು ತಿಳಿಯದಿರಿ. ನಮ್ಮ ಅಣ್ಣ ಈಗ ನಮ್ಮ ತಾಯಿಯವರಿಗೆ ಊರಿನ ವೈದ್ಯರ ಹೆಸರನ್ನಷ್ಟೇ ಹೇಳುತ್ತಾರೆ. ಮತ್ತೆ ಆ ರಾತ್ರಿಯ ಬಸ್ಸಿನಲ್ಲೇ ಹೊರಟು ಬರುತ್ತಾರೆ.